ಗ್ಲಾಸ್ಗೋ ನಗರದ ನೆರೆಹೊರೆ

ಶರಣು ಬಂದ ಪಾರಿವಾಳಕ್ಕಾಗಿ ಶಿಬಿ ಚಕ್ರವರ್ತಿಯು ತನ್ನ ಮೈಯ ಮಾಂಸವನ್ನೇ ಕೊಯ್ದು ತಕ್ಕಡಿಯಲ್ಲಿಟ್ಟ ಕಥೆಯನ್ನು ಪಾಠಶಾಲೆಯಲ್ಲಿ ಓದಿದಾಗ ನನಗೊಂದು ಸಂದೇಹವು ಹುಟ್ಟಿದ್ದಿತು. ಶಿಬಿಯು ಅರಸು, ಕಾಪಾಡುವ ಅಧಿಕಾರವು ಅವನಿಗೆ ಇದ್ದಿತು. ಅರಸೇ ಗಿಡುಗನ ಪಕ್ಷವನ್ನು ಹಿಡಿದಿದ್ದರೆ ಪಾರಿವಾಳವು ಕುಳಿತಿದ್ದ ಮನೆಯ ಪಕ್ಕದವರು ಏನು ಮಾಡಬೇಕಾಗಿದ್ದಿತು? ಗುರುಗಳನ್ನು ಕೇಳುವ ಧೈರ್ಯವಾಗಲಿಲ್ಲ. ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಈ ಶತಮಾನದ ವೃತ್ತಾಂತವನ್ನು ಓದುತ್ತಿರುವಾಗ ಆ ಹಳೆಯ ಸಂದೇಹವು ಮತ್ತೆ ನೆನಪಿಗೆ ಬಂದಿತು.

ತಮ್ಮ ದೇಶದಲ್ಲಿ ಬಾಳಲಾರದೆ ಬ್ರಿಟನ್ನಿಗೆ ಓಡಿಬಂದ ಆಶ್ರಯಾರ್ಥಿಗಳನ್ನು ಲಂಡನ್ನಿನಲ್ಲಿಯೇ ಇರಗೊಡದೆ ಬೇರೆ ಬೇರೆ ಊರುಗಳಿಗೆ ಹಂಚಬೇಕೆಂದು 1999ರಲ್ಲಿ ಕಾಯಿದೆಯಾಯಿತು. ಗ್ಲಾಸ್ಗೋದಲ್ಲಿ ಹಲವು ಅಂತಸ್ತಿನ ಎತ್ತರವಾದ ಕಟ್ಟಡಗಳು ಅರೆಬರಿದಾಗಿ ನಿಂತಿದ್ದುವು. 2000ದಿಂದ ಕೊಸೊವೊ, ಇರಾಕ್, ಸೊಮಾಲಿಯಾ ಮುಂತಾದ ಕಡೆಗಳಿಂದ ಬಂದವರನ್ನು ಅಲ್ಲಿ ಇಳಿಸಿದರು. ಅವು ಬಡವರ ಕೇರಿಗಳು. ನಮಗಿಲ್ಲದ ಸೌಕರ್ಯವು ಹೊರಗಿನವರಿಗೇಕೆಂಬ ಅಸಮಾಧಾನವು ಬೇಗನೆ ಎದ್ದಿತು. 2001ರ ಆಗಸ್ಟಿನಲ್ಲಿ ಸೈಟ್‌ಹಿಲ್ ಎಂಬ ಬಡಾವಣೆಯಲ್ಲಿ 22 ವರ್ಷದ ಕುರ್ದ್ ತರುಣನೊಬ್ಬನನ್ನು ಇರಿದು ಕೊಂದರು. ಸ್ಕಾಟರು ಹುಟ್ಟಿನಿಂದಲೇ ದಯಾಳುಗಳೆಂದು ಹೊಗಳುವವರು ಈ ಸಂಗತಿಯನ್ನು ಮರೆಯಬಾರದು. ಅಲ್ಲಿ ಬೆಳೆದ ಸ್ನೇಹವು ಒಂದೇ ಮೆಟ್ಟಿಲನ್ನು ಹತ್ತಿ, ಮಕ್ಕಳನ್ನು ಒಂದೇ ಶಾಲೆಗೆ ಕಳುಹಿಸಿ, ನಿಧಾನವಾಗಿ ಬೆಳೆದ ಸ್ನೇಹ.

ಅದಕ್ಕೆ ಪರೀಕ್ಷೆಯ ಕಾಲವು ಬಂದಿತು. ಅರ್ಜಿಯು ತಿರಸ್ಕೃತವಾದ ಕುಟುಂಬಗಳನ್ನು ಹಿಡಿದೊಯ್ಯಲು ಅಧಿಕಾರಿಗಳು ಬೆಳಗಿನ ಜಾವದಲ್ಲಿ ಬರತೊಡಗಿದರು. ನಿದ್ದೆಗಣ್ಣಿನ ಮಕ್ಕಳನ್ನು ವ್ಯಾನಿಗೆ ಹತ್ತಿಸುವರು. ಅವರ ಕಣ್ಣೆದುರಿನಲ್ಲಿಯೇ ತಂದೆಯ ಕೈಗೆ ಬೇಡಿ ತೊಡಿಸಿದುದೂ ಉಂಟು. ಅವರನ್ನು ಒಯ್ಯುತ್ತಿದ್ದುದು ಡಂಗೇವಲ್ ಎಂಬ ಬಂಧನಗೃಹಕ್ಕೆ. ಅದು ಹಿಂದೆ ಹ್ಯಾಮಿಲ್ಟನ್ನಿನ ಡ್ಯೂಕರ ಬೇಟೆಯ ಬಿಡಾರವಾಗಿದ್ದಿತು. ಯಾರು ಒಳಗೆ ಬರಬೇಕು, ಯಾರು ಹೊರಗೆ ಹೋಗಬೇಕು ಎಂದು ನಿರ್ಣಯಿಸುವ ಹಕ್ಕು ರಾಜ್ಯಕ್ಕೆ ಇಲ್ಲವೆಂದು ನಾನು ಹೇಳುವುದಿಲ್ಲ. ಆದರೆ ನ್ಯಾಯವಾದ ಕೆಲಸವನ್ನು ಊರು ಮಲಗಿರುವಾಗ ಏಕೆ ಮಾಡಬೇಕು?

ಕಿಂಗ್ಸ್‌ವೇ ಎಂಬ ಬಡಾವಣೆಯ ಹೆಂಗಸರೂ ಇದನ್ನೇ ಕೇಳಿಕೊಂಡಿರಬೇಕು. ಜೀನ್ ಡಾನಕಿ ಎಂಬ ಅಜ್ಜಿಯೂ ಆಕೆಯ ಗೆಳತಿಯರೂ ಬೆಳಕು ಹರಿಯುವ ಮೊದಲೇ ಎದ್ದು ಕಟ್ಟಡಗಳ ಕೆಳಗೆ ಕಾವಲು ನಿಲ್ಲುತ್ತಿದ್ದರು. ವ್ಯಾನು ಕಂಡೊಡನೆ ದೂರವಾಣಿಯಿಂದ ಮೇಲಿನ ಮನೆಗಳಿಗೆ ಸುದ್ದಿ ಹೋಗುವುದು; ಆ ಮನೆಯವರು ಅಧಿಕಾರಿಗಳ ಕೈಗೆ ಸಿಕ್ಕದಂತೆ ಬೇರೆಡೆಗೆ ಸರಿದುಕೊಳ್ಳುವರು. ಆ ಹೆಂಗಸರು ರಾಜನೀತಿಯನ್ನು ಬಲ್ಲ ಪಂಡಿತೆಯರಲ್ಲ. ಪಕ್ಕದ ಮನೆಯ ಕೂಸಿನ ಹೆಸರನ್ನು ಬಲ್ಲವರು, ಅಷ್ಟೆ.

ಆದರೆ ನನ್ನ ಮನಸ್ಸನ್ನು ಹೆಚ್ಚಾಗಿ ಸೆಳೆದುದು ಡ್ರಮ್‌ಚಾಪೆಲ್ ಪ್ರೌಢಶಾಲೆಯ ವೃತ್ತಾಂತ. 2005ರ ಮಾರ್ಚಿಯಲ್ಲಿ ಆ ಶಾಲೆಯ 15 ವರ್ಷದ ಹುಡುಗಿಯೊಬ್ಬಳನ್ನು ಮನೆಯವರ ಸಮೇತ ಬೆಳಗಿನ ಜಾವದಲ್ಲಿ ಹಿಡಿದೊಯ್ದರು. ಅವಳು ಕೊಸೊವೊದ ರೋಮಾ ಜನಾಂಗದವಳು. (ಭಾಷಾಶಾಸ್ತ್ರಜ್ಞರು ಈ ಜನರ ಮೂಲವನ್ನು ಭರತಖಂಡದಲ್ಲಿ ಗುರುತಿಸುತ್ತಾರೆ, ಅವರು ಇಂದಿಗೂ ನೀರಿಗೆ ‘ಪಾನಿ’ ಎನ್ನುತ್ತಾರೆ.) ಬಹುಕಾಲ ಹಾಜರಿ ಪುಸ್ತಕವನ್ನು ಹಿಡಿದವನು ನಾನು; ಒಂದು ಹೆಸರನ್ನು ಕೂಗಿ ಉತ್ತರವು ಬಾರದೆ ಇದ್ದಾಗ ತರಗತಿಯಲ್ಲಿ ಉಂಟಾಗುವ ಮೌನವನ್ನು ಬಲ್ಲೆ. ಅಲ್ಲಿನ ಸಹಪಾಠಿನಿಯರು ಆ ಮೌನವನ್ನು ಸಹಿಸಲಿಲ್ಲ. ಸೊಮಾಲಿಯಾದ ಅಮಲ್ ಅಜುದ್ದೀನ್, ಇರಾಕಿನ ಕುರ್ದ್ ಹುಡುಗಿ ರೋಜಾ ಸಾಲಿಹ್, ಇವರ ಜತೆಗೆ ಅಲ್ಲಿಯೇ ಹುಟ್ಟಿದ ಸ್ಕಾಟ್ ಹುಡುಗಿಯರೂ ಸೇರಿ ಮನವಿಗೆ ಸಹಿ ಕೂಡಿಸಿದರು. ಅವರ ಉಪಾಧ್ಯಾಯರಾದ ಯೂಅನ್ ಗಿರ್ವನ್ ಎಂಬವರು, ‘ಪಾಠ ನೋಡಿಕೊಳ್ಳಿ’ ಎಂದು ಗದರಿಸದೆ ಬೆನ್ನಿಗೆ ನಿಂತರು. ನಾನಾಗಿದ್ದರೆ ಗದರಿಸುತ್ತಿದ್ದೆನೇನೋ! ಹುಡುಗಿಯರು ಎಡಿನ್‌ಬರೋದ ಪಾರ್ಲಿಮೆಂಟಿನವರೆಗೆ ಹೋಗಿ ಸ್ಕಾಟ್ಲೆಂಡಿನ ಪ್ರಥಮ ಮಂತ್ರಿ ಜ್ಯಾಕ್ ಮೆಕಾನೆಲ್ಲರನ್ನು ಪ್ರಶ್ನಿಸಿದರು. ವಲಸೆಯ ಅಧಿಕಾರವು ಲಂಡನ್ನಿನ ಕೈಯಲ್ಲಿದ್ದುದರಿಂದ ಅವರಿಂದ ಹೆಚ್ಚೇನೂ ಆಗುವಂತಿರಲಿಲ್ಲ. ಆದರೂ ಕೆಲವು ವಾರಗಳಲ್ಲಿ ಗೆಳತಿಯು ಮರಳಿ ಬಂದಳು.

ಎಲ್ಲರೂ ಮರಳಲಿಲ್ಲ. ಅದೇ ಸೆಪ್ಟೆಂಬರಿನಲ್ಲಿ ಡ್ರಮ್‌ಚಾಪೆಲ್ಲಿನ ಮತ್ತೊಂದು ಕುಟುಂಬವನ್ನು ಹಿಡಿದರು. ಊರವರು ಎಷ್ಟು ಕೂಗಿಕೊಂಡರೂ ಅವರನ್ನು ದೇಶದಿಂದ ಹೊರಗೆ ಕಳುಹಿಸಿಯೇ ಬಿಟ್ಟರು. ಡಂಗೇವಲ್ಲಿನಲ್ಲಿ ಮಕ್ಕಳನ್ನು ಬಂಧಿಸಿಡುವುದು ನಿಂತುದು 2010ರಲ್ಲಿ. ಅಂದು ಸಹಿ ಕೂಡಿಸಿದ ರೋಜಾ ಸಾಲಿಹ್ 2022ರಲ್ಲಿ ಅದೇ ಗ್ಲಾಸ್ಗೋದ ನಗರಸಭೆಗೆ ಸದಸ್ಯೆಯಾಗಿ ಚುನಾಯಿತಳಾದಳು.

ಇನ್ನೊಂದು ದಿನದ ಸಂಗತಿಯನ್ನು ಹೇಳಬೇಕು. 2021ನೆಯ ಮೇ 13, ರಂಜಾನ್ ಹಬ್ಬದ ದಿನ. ಪೊಲಕ್‌ಶೀಲ್ಡ್ಸ್ ಬಡಾವಣೆಯ ಕೆನ್‌ಮ್ಯೂರ್ ಬೀದಿಗೆ ಬೆಳಗ್ಗೆ ಗೃಹಖಾತೆಯ ವ್ಯಾನು ಬಂದು, ಅಲ್ಲಿ ಹಲವು ವರ್ಷಗಳಿಂದ ವಾಸವಾಗಿದ್ದ ಇಬ್ಬರು ಭಾರತೀಯರನ್ನು ಹತ್ತಿಸಿಕೊಂಡಿತು. ಅದು ಹೊರಡುವಷ್ಟರಲ್ಲಿ ಒಬ್ಬಾತನು ಅದರ ಕೆಳಗೆ ತೂರಿ ಮಲಗಿಬಿಟ್ಟನು. ಚಕ್ರವು ಉರುಳುವಂತಿಲ್ಲ. ಸುದ್ದಿಯು ಹಬ್ಬಿದಂತೆಲ್ಲ ಜನರು ಬಂದು ವ್ಯಾನಿನ ಸುತ್ತಲೂ ನೆಲದ ಮೇಲೆ ಕುಳಿತರು. ಕನ್ನಡದಲ್ಲಿ ‘ನೆರೆ’ ಎಂದರೆ ಪಕ್ಕದ ಮನೆ, ‘ನೆರೆ’ ಎಂದರೆ ಕೂಡು ಎಂದೂ ಅರ್ಥವಷ್ಟೆ. ಆ ಬೀದಿಯಲ್ಲಿ ಎರಡೂ ಒಂದೇ ಆಯಿತು. ಮುಸಲ್ಮಾನರು, ಕ್ರೈಸ್ತರು, ಯಾವ ದೇವರನ್ನೂ ನಂಬದವರು, ಎಲ್ಲರೂ ಸೇರಿದ್ದರು. ಮನೆಮನೆಯಿಂದ ನೀರು, ತಿಂಡಿ ಬಂದುವು. ಇವರು ನಮ್ಮ ನೆರೆಯವರು, ಇವರನ್ನು ಬಿಡಿರಿ ಎಂಬುದೊಂದೇ ಘೋಷ.

ನೂರಾರು ಜನರು, ಸುಮಾರು ಎಂಟು ಗಂಟೆಗಳ ಕಾಲ ಕದಲಲಿಲ್ಲ. ಕೊನೆಗೆ ಪೋಲೀಸಿನವರು, ಸಾರ್ವಜನಿಕರ ಕ್ಷೇಮ ಮತ್ತು ಆರೋಗ್ಯಗಳ ದೃಷ್ಟಿಯಿಂದ (ಅದು ಕೊರೋನಾ ಕಾಲ) ಇಬ್ಬರನ್ನೂ ಬಿಟ್ಟುಬಿಡುವುದೆಂದು ತೀರ್ಮಾನಿಸಿದರು. ಸಂಜೆ ವ್ಯಾನಿನ ಬಾಗಿಲು ತೆರೆಯಿತು. ಇಬ್ಬರೂ ಇಳಿದು, ದಾರಿ ಬಿಟ್ಟು ನಿಂತ ಜನರ ನಡುವೆ ನಡೆದುಹೋದರು.