ಕೊಕುಯೋ: ಹೆಸರಷ್ಟೇ ಉಳಿದ ಬೆಳಕು

ಇವತ್ತಿನ ಹುಳದ ಹೆಸರು ಕೊಕುಯೋ. ಶಾಸ್ತ್ರೀಯ ಹೆಸರು ಪೈರೊಫೋರಸ್ ನಾಕ್ಟಿಲ್ಯೂಕಸ್. ಕೆರಿಬಿಯನ್ ಕಡೆಯ ಕ್ಲಿಕ್ ಬೀಟಲ್. ಅಂಗಾತ ಬಿದ್ದರೆ 'ಟಕ್' ಅಂತ ಸದ್ದು ಮಾಡಿ ಮೇಲಕ್ಕೆ ಎಗರುತ್ತೆ. ಕತ್ತಿನ ಹಿಂದೆ ಎರಡು ಹಸಿರು ದೀಪ, ಹೊಟ್ಟೆಯ ಕೆಳಗೆ ಇನ್ನೊಂದು. ನಮ್ಮ ಮಿಂಚುಹುಳದ ಹಾಗೆ ಮಿಣುಕೋದಿಲ್ಲ, ಒಂದೇ ಸಮ ಬೆಳಗುತ್ತೆ.

ಹಿಸ್ಪಾನಿಯೋಲಾ ದ್ವೀಪದ ಟಾಯ್ನೊ ಜನ ಇದನ್ನ ದೀಪವಾಗಿ ಬಳಸುತ್ತಿದ್ದರು. ಪೀಟರ್ ಮಾರ್ಟಿರ್ ಬರೆದ ಪ್ರಕಾರ, ಉರಿಯುವ ಕೊಳ್ಳಿ ಹಿಡಿದು, ಹುಳದ ಹೆಸರು ಕೂಗುತ್ತಾ ಅದನ್ನ ಹಿಡಿಯುತ್ತಿದ್ದರು. ಮನೆಯೊಳಗೆ ಬಿಟ್ಟರೆ ಸೊಳ್ಳೆ ತಿನ್ನುತ್ತಿತ್ತಂತೆ. ಅದರ ಬೆಳಕಲ್ಲೇ ನೂಲುವುದು, ನೇಯುವುದು. ರಾತ್ರಿ ನಡೆಯುವಾಗ ಕಾಲಿನ ಹೆಬ್ಬೆರಳಿಗೆ ಒಂದೊಂದು ಹುಳ ಕಟ್ಟಿಕೊಳ್ಳೋದು! ಆದರೆ ಮಾರ್ಟಿರ್ ಅಮೆರಿಕಕ್ಕೆ ಕಾಲಿಟ್ಟವನೇ ಅಲ್ಲ. ಸ್ಪೇನ್‌ನಲ್ಲಿ ಕೂತು, ಹೋಗಿ ಬಂದವರನ್ನ ಕೇಳಿ ಬರೆದವನು. ಸೊಳ್ಳೆಯ ಮಾತನ್ನ ನಾನು ಅಷ್ಟು ಸುಲಭವಾಗಿ ನಂಬಲ್ಲ. ಅಲ್ಲೇ ಬದುಕಿದ್ದ ಒವಿಯೆಡೊ ಕೂಡ ತನ್ನ 1535ರ ಪುಸ್ತಕದಲ್ಲಿ ಕೊಕುಯೋ ಬಗ್ಗೆ ಬರೆದಿದ್ದಾನೆ.

ಈಗ ದಿನಾಂಕ ನೋಡಿ. ಕೊಲಂಬಸ್ ಬಂದದ್ದು 1492. ಆಮೇಲೆ ಚಿನ್ನದ ಗಣಿಯ ಬಿಟ್ಟಿ ದುಡಿಮೆ, ಹಸಿವು, 1518ರ ಕೊನೆಗೆ ಸಿಡುಬು. ಒವಿಯೆಡೊ ಪುಸ್ತಕ ಅಚ್ಚಾಗುವ ಹೊತ್ತಿಗೆ ಆ ದ್ವೀಪದ ಟಾಯ್ನೊ ಜನರಲ್ಲಿ ಬಹುಪಾಲು ಸತ್ತುಹೋಗಿದ್ದರು. ಅಂದ್ರೆ ಡಾಕ್ಯುಮೆಂಟೇಶನ್ ಬರೆದದ್ದು ಆ ವಿದ್ಯೆ ಗೊತ್ತಿದ್ದವರಲ್ಲ, ಅವರನ್ನ ಮುಗಿಸಿದ ಕಡೆಯವರು. ನಾವು ಓದೋದು ಅದನ್ನೇ. ಹುಳವನ್ನ ಎಷ್ಟು ದಿನ ಸಾಕುತ್ತಿದ್ದರು, ಅದಕ್ಕೆ ಏನು ಹಾಕುತ್ತಿದ್ದರು ಅಂತ ಟಾಯ್ನೊ ಹೆಂಗಸೊಬ್ಬಳು ತಾನೇ ಹೇಳಿದ ಒಂದು ಸಾಲೂ ನನಗೆ ಎಲ್ಲೂ ಸಿಗಲಿಲ್ಲ.

ಮುಂದೆ ಇದೇ ಹುಳ ಪ್ರಯೋಗಾಲಯ ಸೇರಿತು. 1885ರಲ್ಲಿ ಫ್ರಾನ್ಸ್‌ನ ರಫಾಯೆಲ್ ದುಬ್ವಾ ಇದರ ದೀಪದ ಭಾಗವನ್ನ ತಣ್ಣೀರಲ್ಲಿ ಅರೆದರು. ಸ್ವಲ್ಪ ಹೊತ್ತಿಗೆ ಬೆಳಕು ಆರಿತು. ಇನ್ನೊಂದನ್ನ ಬಿಸಿನೀರಿಗೆ ಹಾಕಿದರು, ಅದೂ ಆರಿತು. ಆರಿದ ಎರಡನ್ನೂ ಬೆರೆಸಿದಾಗ ಮತ್ತೆ ಹೊತ್ತಿಕೊಂಡಿತು. ಬಿಸಿ ತಡೆಯುವ ವಸ್ತು ಒಂದು, ತಡೆಯದ ಕಿಣ್ವ ಇನ್ನೊಂದು. ಎರಡು ವರ್ಷದ ನಂತರ, ಒಂದು ಕಡಲ ಚಿಪ್ಪಿನ ಕೆಲಸದಲ್ಲಿ, ಅವಕ್ಕೆ ಲೂಸಿಫೆರಿನ್, ಲೂಸಿಫೆರೇಸ್ ಅಂತ ಹೆಸರಿಟ್ಟರು.

1890ರಲ್ಲಿ ಸ್ಯಾಮ್ಯುಯೆಲ್ ಲ್ಯಾಂಗ್ಲಿ, ಫ್ರಾಂಕ್ ವೆರಿ ಇಬ್ಬರೂ ಬೋಲೋಮೀಟರ್ ಹಿಡಿದು ಇದರ ಶಾಖ ಅಳೆದರು. ಮೇಣದಬತ್ತಿಗೆ ಖರ್ಚಾಗುವ ಶಕ್ತಿಯ ಸುಮಾರು 400ರಲ್ಲಿ ಒಂದು ಪಾಲು ಸಾಕು ಅಂತ ಲೆಕ್ಕ. ಪ್ರಬಂಧಕ್ಕೆ ಅವರು ಕೊಟ್ಟ ಶೀರ್ಷಿಕೆಯ ಅರ್ಥ: ಅತಿ ಅಗ್ಗದ ಬೆಳಕಿನ ಬಗ್ಗೆ. 1989ರಲ್ಲಿ ಜಮೈಕಾದ ಇದೇ ಕುಲದ ಹುಳದಿಂದ ತೆಗೆದ ಜೀನ್‌ಗಳು ಬ್ಯಾಕ್ಟೀರಿಯಾದಲ್ಲಿ ಹಸಿರಿನಿಂದ ಕಿತ್ತಳೆವರೆಗೆ ಬೆಳಗಿದವು.

ಕೊಕುಯೋ ಅನ್ನೋ ಪದ ಮಾತ್ರ ದ್ವೀಪಗಳ ಆ ಹಳೆಯ ಭಾಷೆಯಿಂದಲೇ ಸ್ಪ್ಯಾನಿಷ್‌ಗೆ ಬಂದು ಉಳಿದಿದೆ. ಇವತ್ತು ಕೊಲಂಬಿಯಾದಲ್ಲಿ ಗಾಡಿಯ ಸಣ್ಣ ದೀಪಕ್ಕೂ ಕೊಕುಯೋ ಅಂತಾರೆ.