ಬಾಬರನ ಉದ್ಯಾನಚಿತ್ರದಲ್ಲಿ ರೇಖೆಯೂ ವರ್ಣವೂ

ಮೊಗಲರ ಮೂಲಪುರುಷನಾದ ಬಾಬರನು ಕ್ರಿ. ಶ. 1508-09ರಲ್ಲಿ, ಈಗಿನ ಜಲಾಲಾಬಾದಿನ ಸಮೀಪದ ಅದೀನಾಪುರದ ಕೋಟೆಯೆದುರು ಒಂದು ಉದ್ಯಾನವನ್ನು ನಿರ್ಮಿಸಿ, ಅದಕ್ಕೆ ‘ಬಾಗ್-ಎ-ವಫಾ’, ಎಂದರೆ ನಿಷ್ಠೆಯ ತೋಟ, ಎಂದು ಹೆಸರಿಟ್ಟನು. ಅವನು ತುರ್ಕಿಯಲ್ಲಿ ಬರೆದ ಆತ್ಮಕಥೆಯಲ್ಲಿ ಅದರ ವರ್ಣನೆಯುಂಟು. ಆ ಗ್ರಂಥವು 1589ರಲ್ಲಿ ಅವನ ಮೊಮ್ಮಗನಾದ ಅಕ್ಬರನಿಗಾಗಿ ಪಾರಸಿಗೆ ಪರಿವರ್ತಿತವಾಯಿತು. 1590ರ ಸುಮಾರಿಗೆ ಆಸ್ಥಾನದ ಚಿತ್ರಕಾರರು ಅದಕ್ಕೆ ಚಿತ್ರಗಳನ್ನು ಬರೆದರು. ಉದ್ಯಾನದ ಚಿತ್ರವು ಬಿಷನ್‌ದಾಸನದು. ಮುಖಗಳನ್ನು ಬರೆದವನು ನನ್ಹಾ. ಅದು ಈಗ ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ.

ಚಿತ್ರವನ್ನು ಮೊದಲು ನೋಡಿದವರಿಗೆ ನೆಲವೇ ಎದ್ದು ನಿಂತಂತೆ ತೋರುವುದು. ಒಂದನ್ನೊಂದು ಅಡ್ಡಹಾಯುವ ಕಾಲುವೆಗಳೂ ಅವು ವಿಭಾಗಿಸಿದ ನಾಲ್ಕು ಚೌಕದ ಪಾತಿಗಳೂ ಆಕಾಶದಿಂದ ನೋಡಿದಂತಿವೆ. ಮರಗಳೂ ಮನುಷ್ಯರೂ ಎದುರಿಗೆ ನಿಂತು ನೋಡಿದಂತಿದ್ದಾರೆ. ದೂರದ್ದು ಕಿರಿದಾಗಿ ಕಾಣುವುದೆಂಬುದನ್ನು ಅರಿಯದೆ ಹೀಗೆ ಬರೆದರೆಂದು ಹೇಳುವವರುಂಟು. ಆ ಮಾತು ನಿಲ್ಲಲಾರದು. 1580ರಲ್ಲಿಯೇ ಜೆಸ್ಯೂಟ್ ಪಾದ್ರಿಗಳು ಮುದ್ರಿತ ಚಿತ್ರಗಳಿದ್ದ ಬೈಬಲನ್ನು ಅಕ್ಬರನಿಗೆ ಒಪ್ಪಿಸಿದ್ದರು. ಐರೋಪ್ಯರ ರೀತಿಯು ಆ ಚಿತ್ರಶಾಲೆಗೆ ಅಪರಿಚಿತವಾಗಿರಲಿಲ್ಲ. ಒಂದೇ ಕಡೆಯಿಂದ ನೋಡಿದಂತೆ ಬರೆದಿದ್ದರೆ ಮುಂದಿನ ಮರಗಳು ಹಿಂದಿನ ಪಾತಿಗಳನ್ನು ಮರೆಮಾಡುತ್ತಿದ್ದುವು, ಚೌಕವು ಓರೆಯಾಗುತ್ತಿದ್ದಿತು. ಆದರೆ ಚೌಕವೇ ಇಲ್ಲಿಯ ಕಥೆ. ತೋಟಗಾರರು ನೆಲದ ಮೇಲೆ ಅಳತೆಯ ದಾರವನ್ನು ಹಿಡಿದಿದ್ದಾರೆ; ಶಿಲ್ಪಿಯ ಕೈಯಲ್ಲಿ ಮನೆಮನೆಯಾಗಿ ಗೆರೆ ಎಳೆದ ಫಲಕವಿದೆ; ಬಾಬರನು ನಿಂತು ಆಜ್ಞಾಪಿಸುತ್ತಿದ್ದಾನೆ.

ಹಿಂದೂಸ್ಥಾನದ ತೋಟಗಳಿಗೆ ಗೋಡೆಯಿಲ್ಲ, ಹರಿಯುವ ನೀರಿಲ್ಲ ಎಂದು 1526ರ ವಿಜಯದ ತರುವಾಯ ಆಕ್ಷೇಪಿಸಿದವನು ಇದೇ ಬಾಬರನು. ಅವನ ಕಾಲುವೆಯನ್ನೂ ಗೋಡೆಯನ್ನೂ ಇಷ್ಟು ನೆಟ್ಟಗೆ ಎಳೆದ ಕುಂಚವಾದರೋ ಹಿಂದೂಸ್ಥಾನದ್ದೇ!

ಇನ್ನು ವರ್ಣದ ಮಾತು. ಗೆರೆಯು ಅರಸನ ಆಜ್ಞೆಗೆ ಒಳಪಟ್ಟಿತು. ಬಣ್ಣವು ಋತುವಿಗೆ ಸೇರಿದ್ದು. ವಸಂತವನ್ನು ಹೂಬಿಟ್ಟ ಮರಗಳಿಂದಲೂ ಕೋಗಿಲೆ ದುಂಬಿಗಳಿಂದಲೂ ಸೂಚಿಸಬೇಕೆಂದು ವಿಷ್ಣುಧರ್ಮೋತ್ತರದ ಚಿತ್ರಸೂತ್ರವೂ ವಿಧಿಸುತ್ತದೆ. ಬಿಷನ್‌ದಾಸನು ಮರದ ನೆಳಲನ್ನು ನೆಲಕ್ಕೆ ಕೆಡವಲಿಲ್ಲ. ನೆಳಲು ಬಿದ್ದರೆ ಹಗಲಿನ ಒಂದು ಗಳಿಗೆ ಮಾತ್ರ ಉಳಿಯುವುದು, ಹಸಿರು ಕಪ್ಪಾಗುವುದು. ಅದಿಲ್ಲದುದರಿಂದ ಪ್ರತಿಯೊಂದು ಬಣ್ಣವೂ ತನ್ನ ಪೂರ್ಣತೆಯಲ್ಲಿ ನಿಂತಿದೆ. ಎಲೆಗಳ ನಡುವೆ ದಾಳಿಂಬೆಯನ್ನೂ ಕಿತ್ತಳೆಯನ್ನೂ ಗುರುತಿಸಬಹುದು. ಕಿತ್ತಳೆಗಳು ಹಳದಿಗೆ ತಿರುಗುವ ಕಾಲವೇ ಆ ತೋಟದ ಸೊಗಸಿನ ಕಾಲವೆಂದು ಬಾಬರನೇ ಬರೆದಿಟ್ಟಿದ್ದನು.