ಎರಡು ಕುರಿಗಳಿಂದ ಹುಟ್ಟಿದ ಜಾತ್ರೆ



ಅಮೆರಿಕದ ಗ್ರಾಮೀಣ ಪ್ರದೇಶಗಳಲ್ಲಿ ಪ್ರತಿವರ್ಷ ಜರುಗುವ ‘ಕೌಂಟಿ ಫೇರ್’ ನಮ್ಮ ದನಗಳ ಜಾತ್ರೆಯನ್ನು ನೆನಪಿಗೆ ತರುತ್ತದೆ. ಆದರೆ ನಮ್ಮ ಜಾತ್ರೆಗೆ ದೇವರು ಮೂಲ. ಇದಕ್ಕೆ ಎರಡು ಕುರಿಗಳು.

1807ರಲ್ಲಿ ಎಲ್ಕಾನಾ ವಾಟ್ಸನ್ ಎಂಬ ವರ್ತಕರು ಮ್ಯಾಸಚೂಸೆಟ್ಸ್‌ನ ಬರ್ಕ್‌ಷೈರ್ ಕೌಂಟಿಯ ಪಿಟ್ಸ್‌ಫೀಲ್ಡ್‌ನಲ್ಲಿ ನೆಲೆಸಿ, ಒಂದು ಜೊತೆ ಮೆರಿನೊ ಕುರಿಗಳನ್ನು ಊರ ಚೌಕದ ಎಲ್ಮ್ ಮರದಡಿ ಪ್ರದರ್ಶಿಸಿದರು. ಇಂಗ್ಲೆಂಡಿನ ಬಟ್ಟೆಯನ್ನೇ ನೆಚ್ಚಿದ್ದ ಕಾಲವದು. ನಯವಾದ ಆ ಉಣ್ಣೆಯನ್ನು ಕಣ್ಣಾರೆ ಕಂಡ ರೈತರಿಗೆ ಬೇರೆ ಬೋಧನೆ ಬೇಕಾಗಲಿಲ್ಲ. (ಉಪನ್ಯಾಸಕನಾಗಿ ನಿಂತು ಇದನ್ನು ಹೇಳುವುದು ತುಸು ಮುಜುಗರವೇ!) 1810ರಲ್ಲಿ ಜಾನುವಾರು ಪ್ರದರ್ಶನ ನಡೆಯಿತು, 1811ರಲ್ಲಿ ಬರ್ಕ್‌ಷೈರ್ ಕೃಷಿ ಸಂಘ ಸ್ಥಾಪನೆಯಾಯಿತು.

ಆದರೆ ಉಣ್ಣೆಯನ್ನು ನೂತು ನೇಯುತ್ತಿದ್ದವರು ಮನೆಯ ಹೆಂಗಸರು. ಅವರಿಲ್ಲದ ಪ್ರದರ್ಶನ ಅರ್ಧ ಪ್ರದರ್ಶನವೆಂಬುದನ್ನು ವಾಟ್ಸನ್ ಬೇಗನೆ ಅರಿತರು. 1813ರ ಜನವರಿಯಲ್ಲಿ ಮನೆನೇಯ್ಗೆಗೆ ಬಹುಮಾನ ಸಾರಿದರು. ಬಟ್ಟೆಗಳು ಬಂದವು, ನೇಯ್ದವರು ಬರಲಿಲ್ಲ! ಗಂಡಸರ ಸಭೆಗೆ ಮೊದಲು ಕಾಲಿಡಲು ಎಲ್ಲರಿಗೂ ಸಂಕೋಚ. ಕಡೆಗೆ ತಮ್ಮ ಪತ್ನಿಯನ್ನೇ ಕರೆತಂದು ಕೂರಿಸಿ, ಆಕೆ ಕಾದಿರುವರೆಂದು ಮನೆಮನೆಗೆ ಹೇಳಿಕಳುಹಿಸಿದರು. ಸ್ವಲ್ಪ ಹೊತ್ತಿಗೆ ಸಭಾಂಗಣ ತುಂಬಿತು. ವಾಟ್ಸನ್ನರ ಕುರಿಗಳಿಗಿಂತ ಈ ಉಪಾಯವೇ ದೊಡ್ಡದೆಂದು ನನ್ನ ಎಣಿಕೆ.

ಮುಂದಿನ ಹಾದಿ ಸುಗಮವಾಗಿರಲಿಲ್ಲ. 1819ರಲ್ಲಿ ನ್ಯೂಯಾರ್ಕ್ ರಾಜ್ಯವು ಇಂತಹ ಸಂಘಗಳಿಗೆ ವರ್ಷಕ್ಕೆ 10,000 ಡಾಲರ್ ಗೊತ್ತುಮಾಡಿತು. ಆ ನೆರವು ನಿಂತೊಡನೆ ಹಲವು ಸಂಘಗಳು ಕಣ್ಮುಚ್ಚಿದವು. 1841ರಲ್ಲಿ ಹಣ ಮತ್ತೆ ದೊರೆತ ಮೇಲೆ ಅವು ಚೇತರಿಸಿಕೊಂಡವು.

ಇಂದಿಗೂ ಫೇರ್‌ಗಳಲ್ಲಿ ಹಸು, ಹೋರಿಗಳ ಜೊತೆಗೆ ಕೌದಿ, ಜಾಮ್, ಉಪ್ಪಿನಕಾಯಿಗಳೂ ಮೊದಲ ಬಹುಮಾನದ ನೀಲಿ ರಿಬ್ಬನ್ ಗಳಿಸುತ್ತವೆ.